ರಾಸ್ ವಿಸ್ಟಿನ್

ಲ-ಇಸ್ಲಾ, ಮಾಲ್ಟಾ
23 ಫೆಬ್ರವರಿ 1955

ಶ್ರೀಮತಿ ಎಲುನೆಡ್ ಝೆರಾಫಾ ಅವರಿಗೆ,

ನಾನು ವಿಸ್ಟಿನ್‌ನ ತಂಗಿ ಫಿಲುಮೇನಾ. ನಿಮ್ಮ ಮದುವೆಯಾಗಿ ಐದು ವರ್ಷ ಕಳೆದರೂ ಈ ಮನೆಯಿಂದ ನಿಮಗೆ ಕಾಗದ ಬರುತ್ತಿರುವುದು ಇದೇ ಮೊದಲು. ಕಾರಣ ನಿಮಗೂ ಗೊತ್ತು, ನನಗೂ ಗೊತ್ತು: ಮದುವೆ ನಮ್ಮ ಚರ್ಚಿನಲ್ಲಿ ಆಗಲಿಲ್ಲ. ನನ್ನ ಇಂಗ್ಲಿಷು ನೌಕಾಪಡೆಯ ಆಸ್ಪತ್ರೆಯಲ್ಲಿ ಹೊದಿಕೆ ಇಸ್ತ್ರಿ ಮಾಡುತ್ತ ಕಿವಿಗೆ ಬಿದ್ದದ್ದು. ತಪ್ಪಿದ್ದರೆ ಮನ್ನಿಸಿ.

ನಿನ್ನೆ ನಮಗೊಂದು ತಂತಿ ಬಂತು. ಸ್ವೀಡನ್ನಿನಿಂದ. ಅದರಲ್ಲಿರುವುದು ಇಷ್ಟೇ: ವಿಸ್ಟಿನ್‌ನ ತಲೆ. ಕೆಳಗೆ ಲೆವರ್ ಎಂದು ಸಹಿ. ಯಾರೋ ಇಂಗ್ಲಿಷರವನಿರಬೇಕು. ಯಾವ ಊರಿನಿಂದ ಕಳಿಸಿದ್ದು ಎಂಬುದು ಮಸಿಯಲ್ಲಿ ಮುಚ್ಚಿಹೋಗಿದೆ.

ಅಣ್ಣ ಅಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾನೆಂದು ಹೊಸ ವರ್ಷದ ಕಾರ್ಡಿನಲ್ಲಿ ತಿಳಿಯಿತು. ಕಾರ್ಡಿಫ್‌ನ ಹಡಗುಕಟ್ಟೆಯಲ್ಲಿ ಒಳ್ಳೆಯ ಕೆಲಸವಿದ್ದವನು ಹಿಮದೊಳಗೆ ಯಾಕೆ ಹೋದ ಎಂಬುದು ತಿಳಿಯಲಿಲ್ಲ. ಅವನ ವಿಳಾಸ ನಿಮ್ಮಲ್ಲಿದ್ದರೆ ಕೂಡಲೇ ಬರೆಯಿರಿ. ಅಮ್ಮ ಊಟ ಬಿಟ್ಟಿದ್ದಾರೆ.

ಫಿಲುಮೇನಾ ಝೆರಾಫಾ

*

ಕಾರ್ಡಿಫ್
1 ಮಾರ್ಚ್ 1955

ಫಿಲುಮೇನಾ ಅವರಿಗೆ,

ನಿಮ್ಮ ಕಾಗದವನ್ನು ಹಡಗುಕಟ್ಟೆಯ ಪಕ್ಕದ ಚಹಾ ಅಂಗಡಿಯಲ್ಲಿ, ನಾನು ಕೆಲಸ ಮಾಡುವ ಕಡೆ, ನಿಂತೇ ಓದಿದೆ. ಆಮೇಲೆ ಯಾರ ಮೇಜಿಗೆ ಏನು ಕೊಟ್ಟೆನೋ ತಿಳಿಯದು. ಯಜಮಾನಿತಿ ಮನೆಗೆ ಕಳಿಸಿಬಿಟ್ಟಳು.

ತಲೆಗೆ ಏನಾಗಿದೆ? ಒಡೆದಿದೆಯೋ, ಹೊಲಿಗೆ ಹಾಕಿದ್ದಾರೋ, ಜ್ಞಾನವಿದೆಯೋ ಇಲ್ಲವೋ? ಅದಕ್ಕೊಂದು ಕ್ರಿಯಾಪದವೂ ಇಲ್ಲವೇ? ದಯವಿಟ್ಟು ಮತ್ತೊಮ್ಮೆ ನೋಡಿ.

ನನ್ನ ಬಳಿ ಇರುವುದು ಹಳೆಯ ಶಿಬಿರದ ವಿಳಾಸ. ಡಿಸೆಂಬರಿನಲ್ಲಿ ಬರೆದ ಎರಡು ಕಾಗದಗಳಿಗೆ ಉತ್ತರ ಬಂದಿಲ್ಲ. ಅಲ್ಲಿಗೇ ಈಗ ತಂತಿ ಕೊಟ್ಟಿದ್ದೇನೆ. ಸ್ವೀಡನ್ನಿನ ರಾಯಭಾರ ಕಚೇರಿಗೂ ಬರೆದು, ಲೆವರ್ ಎಂಬ ಇಂಗ್ಲಿಷರವನನ್ನು ಹುಡುಕಿ ಎಂದು ಕೇಳಿದ್ದೇನೆ.

ಅವರು ಯಾಕೆ ಹೋದರು ಎಂದು ಕೇಳಿದ್ದೀರಿ. ಹಾಗಾದರೆ ಅವರು ನಿಮಗೆ ಹೇಳಿಲ್ಲ. ಕಳೆದ ಜುಲೈನಲ್ಲಿ ನಮಗೆ ಮಗಳು ಹುಟ್ಟಿದಳು. ಇಪ್ಪತ್ತೆರಡು ದಿನ ಇದ್ದಳು. ಜ್ವರವೆಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಒಂದು ಬೆಳಿಗ್ಗೆ ದಾದಿಯೊಬ್ಬಳು ಬಂದು ನಮ್ಮ ಬಾಗಿಲು ತಟ್ಟಿದಳು. ಆಮೇಲೆ ನಮ್ಮ ಮನೆಯಲ್ಲಿ ಮಾತು ನಿಂತಿತು. ಜಗಳವಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ. ಅಕ್ಟೋಬರಿನಲ್ಲಿ ಅವರು ಹೊರಟರು. ನಾನು ಬೇಡ ಅನ್ನಲಿಲ್ಲ.

ಎಲುನೆಡ್

*

ಲ-ಇಸ್ಲಾ
9 ಮಾರ್ಚ್ 1955

ಎಲುನೆಡ್ ಅವರಿಗೆ,

ಮಗುವಿನ ಸಂಗತಿ ನಮಗೆ ಗೊತ್ತಿರಲಿಲ್ಲ. ನಿಮ್ಮ ಕಾಗದವನ್ನು ಅಮ್ಮನಿಗೆ ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದವಳು ಆ ಸಾಲಿನ ಹತ್ತಿರ ನಿಂತುಬಿಟ್ಟೆ. ಅಮ್ಮ, "ಯಾಕೆ ನಿಲ್ಸಿದೆ, ಓದು" ಅಂದರು. ಓದಿದೆ. ಆಮೇಲೆ ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ಕೂತರು. ಅಲ್ಲಿಂದ ಕೇಳಿದ್ದು ಒಂದೇ: "ಹೆಸ್ರೇನಿಟ್ಟಿದ್ರಂತೆ?"

ಹೆಸರು ತಿಳಿಸಿ.

ಕ್ರಿಯಾಪದ ಕೇಳಿದ್ದೀರಿ. ತಂತಿಯಲ್ಲಿ ಇಲ್ಲ. ನಮ್ಮ ಮಾತಿನಲ್ಲಿ ಅದು ಇಲ್ಲದೆಯೂ ನಡೆಯುತ್ತದೆ. 'ವಿಸ್ಟಿನ್‌ನ ತಲೆ' ಎಂದರೆ ಕೇಳಿದವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ನಮ್ಮ ಬೀದಿಯವರು ತುಂಬುತ್ತಲೇ ಇದ್ದಾರೆ. ಕೆಳಗಿನ ಮನೆಯ ಕಾರ್ಮನಾ ಕ್ರೇನಿನ ಕೊಕ್ಕೆ ಬಡಿದಿರಬೇಕು ಎನ್ನುತ್ತಾಳೆ. ಮೀನುಗಾರ ನೆನು, ಅದು ತಲೆಯೇ ಅಲ್ಲ, ಕಡಲೊಳಗೆ ಚಾಚಿದ ಭೂಮಿಯ ಕೊನೆಗೂ ನಮ್ಮಲ್ಲಿ ಅದೇ ಪದವಲ್ಲವೇ, ವಿಸ್ಟಿನ್ ಯಾವುದೋ ಭೂಶಿರದ ಹತ್ತಿರ ಹಡಗಿನಲ್ಲಿದ್ದಾನೆ, ಅದನ್ನೇ ತಿಳಿಸಿದ್ದಾನೆ ಎಂದು ವಾದಿಸುತ್ತಾನೆ. ಅಮ್ಮ ಎರಡನ್ನೂ ಕೇಳಿಸಿಕೊಳ್ಳುವುದಿಲ್ಲ. ತಮ್ಮ ಮದುವೆಯ ಬಳೆ ಕರಗಿಸಿ ಬೆಳ್ಳಿಯಲ್ಲಿ ಸಣ್ಣದೊಂದು ತಲೆ ಮಾಡಿಸಿ ಚರ್ಚಿನಲ್ಲಿ ದೇವಮಾತೆಯ ಪೀಠದ ಪಕ್ಕ ತೂಗುಹಾಕಿಸಿದ್ದಾರೆ. ನಮ್ಮಲ್ಲಿ ಹರಕೆ ಹಾಗೆಯೇ: ಯಾವ ಅಂಗಕ್ಕೆ ಕುತ್ತು ಬಂತೋ ಆ ಅಂಗ.

ರಾಯಭಾರ ಕಚೇರಿಯಿಂದ ಏನಾದರೂ ಬಂತೇ?

ಫಿಲುಮೇನಾ

*

ಕಾರ್ಡಿಫ್
15 ಮಾರ್ಚ್ 1955

ಫಿಲುಮೇನಾ ಅವರಿಗೆ,

ಹೆಸರು ನೆಸ್ಟ್. ನಿಮ್ಮ ತಾಯಿಗೆ ತಿಳಿಸಿ.

ರಾಯಭಾರ ಕಚೇರಿಯವರು ಮರ್ಯಾದೆಯಿಂದಲೇ ಬರೆದಿದ್ದಾರೆ. ಲೆವರ್ ಎಂಬ ಹೆಸರಿನವರು ಅವರ ದಾಖಲೆಯಲ್ಲಿ ಯಾರೂ ಇಲ್ಲ. ತಲೆಗೆ ಪೆಟ್ಟಾಗಿ ಸೇರಿದ ಮಾಲ್ಟಾದವನು ಯಾವ ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ. ಹಳೆಯ ಶಿಬಿರಕ್ಕೆ ಕೊಟ್ಟ ತಂತಿ 'ಇಲ್ಲಿಂದ ಹೋಗಿದ್ದಾರೆ' ಎಂದು ಹಿಂತಿರುಗಿದೆ.

ಹದಿನೈದು ದಿನದಿಂದ ನಾನು ಬರೀ ತಲೆಗಳನ್ನು ನೋಡುತ್ತಿದ್ದೇನೆ. ಬಸ್ಸಿನಲ್ಲಿ ಮುಂದೆ ಕೂತವರ ತಲೆ, ಅಂಗಡಿಗೆ ಬರುವ ನಾವಿಕರ ತಲೆ. ಅವರ ಎಡಗಿವಿಯ ಹಿಂದೆ ಒಂದು ಮಚ್ಚೆಯಿದೆ, ನಿಮಗೂ ಗೊತ್ತಿರಬೇಕು. ಅದು ಯಾವ ಕಿವಿ ಎಂಬುದು ಮೊನ್ನೆ ನನಗೆ ಮರೆತೇಹೋಗಿತ್ತು. ಅರ್ಧ ದಿನ ಆ ಹೆದರಿಕೆಯಲ್ಲೇ ಕಳೆದೆ.

ಒಂದು ವಿಷಯ ಕೇಳುತ್ತೇನೆ. ನೀವು ನನಗೆ ಬರೆದದ್ದು ಇಂಗ್ಲಿಷಿನಲ್ಲಿ. ತಂತಿ ಯಾವ ಭಾಷೆಯಲ್ಲಿತ್ತು? ನೀವು ತಿರುಗಿಸಿ ಹೇಳಿದ್ದು ನನಗೆ ಬೇಡ. ಕಾಗದದ ಮೇಲೆ ಇರುವ ಅಕ್ಷರಗಳು ಬೇಕು, ಒಂದೂ ಬಿಡದಂತೆ. ಆಗುವುದಾದರೆ ಆ ಕಾಗದವನ್ನೇ ಕಳಿಸಿ.

ಎಲುನೆಡ್

*

ಲ-ಇಸ್ಲಾ
22 ಮಾರ್ಚ್ 1955

ಎಲುನೆಡ್ ಅವರಿಗೆ,

ತಂತಿ ಇದರ ಜೊತೆಗಿದೆ. ಅಮ್ಮ ಅದನ್ನು ಮಾತೆಯ ಪಟದ ಹಿಂದೆ ಸಿಕ್ಕಿಸಿದ್ದರು. ಅವರು ಬೆಳಗಿನ ಪೂಜೆಗೆ ಹೋದಾಗ ತೆಗೆದುಕೊಂಡೆ. ಅದರ ಜಾಗದಲ್ಲಿ ಅಷ್ಟೇ ಅಗಲದ ಒಂದು ರಸೀದಿ ಮಡಿಸಿ ಇಟ್ಟಿದ್ದೇನೆ. ದೇವರ ಪಟದ ಹಿಂದೆ ಮೋಸ ಮಾಡಿದ್ದು ಇದೇ ಮೊದಲು.

ಅದರಲ್ಲಿರುವುದು ಮೂರು ಪದ: ರಾಸ್ ವಿಸ್ಟಿನ್ ಲೆವರ್. 'ರಾಸ್' ಎಂದರೆ ನಮ್ಮಲ್ಲಿ ತಲೆ. ಅರಬ್ಬರ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಮಾತು ಎಂದು ಪಾದ್ರಿಗಳು ಹೇಳುತ್ತಾರೆ. 'ರಾಸ್ ವಿಸ್ಟಿನ್' ಎಂದರೆ ವಿಸ್ಟಿನ್‌ನ ತಲೆ, ಇದರಲ್ಲಿ ಸಂಶಯವೇ ಇಲ್ಲ. ಅಂಚೆಯ ಗುಮಾಸ್ತನೂ ಹಾಗೆಯೇ ಓದಿದ. ತಲುಪಿಸಲು ಬಂದವನು ನನ್ನ ಮುಖ ನೋಡಲಾರದೆ ಬಾಗಿಲಲ್ಲೇ ಟೋಪಿ ತೆಗೆದ.

ಬೇಗ ಬರೆಯಿರಿ. ಅಮ್ಮ ಈಗ ಅಡುಗೆಮನೆಯಲ್ಲಿ ಅವನೊಡನೆ ಮಾತಾಡಲು ಶುರುಮಾಡಿದ್ದಾರೆ, ಸತ್ತವರೊಡನೆ ಆಡುವ ಹಾಗೆ.

ಫಿಲುಮೇನಾ

*

ಕಾರ್ಡಿಫ್
29 ಮಾರ್ಚ್ 1955

ಫಿಲುಮೇನಾ,

ಕೂತು ಓದಿ. ಹೆದರಬೇಡಿ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಲಕೋಟೆ ಒಡೆದು ಆ ಮೊದಲ ಪದ ಕಂಡಾಗ ನನಗೆ ತಲೆ ಕಾಣಲಿಲ್ಲ. ನಾನು ಹುಟ್ಟಿದ್ದು ಉತ್ತರ ವೇಲ್ಸಿನಲ್ಲಿ, ಗೋರಿಯ ಕಲ್ಲಿನಿಂದ ಹಿಡಿದು ಬೈಗುಳದವರೆಗೆ ಎಲ್ಲವೂ ವೆಲ್ಷ್ ಭಾಷೆಯಲ್ಲೇ ಇರುವ ಊರಿನಲ್ಲಿ. ಆರ್, ಎ, ಎಸ್: ಅದೇ ಮೂರು ಅಕ್ಷರದ ಪದಗಳು ನಮ್ಮಲ್ಲೂ ಇವೆ. ಒಂದು, ಶಾಲೆಯ ಮಕ್ಕಳು ಓಡುವ ಪಂದ್ಯ. ಅದು ಇಂಗ್ಲಿಷಿನಿಂದ ಬಂದದ್ದು. ಇನ್ನೊಂದು ದೇವರ ಕೃಪೆ. ಅದು ಲ್ಯಾಟಿನ್ನಿನಿಂದ ಬಂದದ್ದು, ಮೂಲದಲ್ಲಿ 'ಗ್ರಾಸ್'. ಆದರೆ ನಮ್ಮ ಮಾತಿನಲ್ಲಿ ಹಿಂದಿನ ಪದ ಒತ್ತಿದರೆ ಮುಂದಿನ ಪದದ ಮೊದಲ ಅಕ್ಷರ ಉದುರುತ್ತದೆ. ನಮ್ಮ ಪ್ರಾರ್ಥನಾಮಂದಿರದ ಗೋಡೆಯ ಮೇಲೆ, ನಿಂತು ಉಪದೇಶ ಮಾಡುವ ಅಪ್ಪನ ತಲೆಯ ಹಿಂದೆ, ದೊಡ್ಡದಾಗಿ ಇದ್ದದ್ದು 'ಕೃಪೆಯಿಂದ' ಎಂಬ ಮಾತು. ಅಲ್ಲಿ ಅದು 'ರಾಸ್' ಎಂದೇ ಇತ್ತು. ಒಂದು ಗಳಿಗೆ ನಾನು ಕೃಪೆ ಎಂದೇ ಓದಿಕೊಂಡೆ. ಆಮೇಲೆ ಹೆದರಿಕೆಯಾಯಿತು. ನೀವು ನಿಮ್ಮ ಭಾಷೆಯನ್ನು ಓದಿಕೊಂಡಿರಿ, ನಾನು ನನ್ನದನ್ನು. ತಂತಿ ಕಳಿಸಿದವನು ಇಬ್ಬರ ಭಾಷೆಯವನೂ ಅಲ್ಲದಿದ್ದರೆ?

ಇಲ್ಲಿನ ಗಣಿಗಳಿಗೆ ಆಸರೆಯ ಮರದ ಕಂಬ ತರುವ ಸ್ವೀಡನ್ನಿನ ಹಡಗೊಂದು ಮೊನ್ನೆಯಿಂದ ಕಟ್ಟೆಯಲ್ಲಿದೆ. ಅದರ ಅಧಿಕಾರಿಯೊಬ್ಬ ನಮ್ಮ ಅಂಗಡಿಗೆ ಬರುತ್ತಾನೆ, ಐವತ್ತರ ಆಸುಪಾಸಿನವನು, ಮಾತು ಕಡಿಮೆ. ಚಹಾ ಕೊಡುವ ಬದಲು ತಂತಿಯನ್ನು ಅವನ ಮುಂದಿಟ್ಟೆ. ಓದಿದ. ನನ್ನ ಮುಖ ನೋಡಿದ. "ಇದು ನಿಮ್ದಾ?" ಅಂದ. ನನ್ನ ಗಂಡನದು ಎಂದೆ.

ಅವನು ಒಂದು ಕೈಯನ್ನು ಇನ್ನೊಂದರ ಮೇಲೆ ಎತ್ತಿಹಿಡಿದು ಮೇಜಿನ ಮೇಲೆ ಕೆಡವಿದ. ಬಟ್ಟಲುಗಳು ಅದುರಿದವು. ಅವರಲ್ಲಿ 'ರಾಸ್' ಎಂದರೆ ಅದು: ಗುಡ್ಡ ಕುಸಿಯುವುದು, ಸುರಂಗದ ಮೇಲೆ ಬಂಡೆ ಬೀಳುವುದು.

ನಾನು ತಂತಿಯನ್ನು ಮಡಚಲು ಹೋದೆ. ಆಗ ಅವನು ಮೂರನೆಯ ಪದದ ಮೇಲೆ ಬೆರಳಿಟ್ಟು, "ಇದ್ಯಾಕೆ ಓದ್ಲಿಲ್ಲ ನೀವು?" ಅಂದ. ಅದು ಸಹಿ ಎಂದೆ. ಅಲ್ಲವೆಂದು ತಲೆಯಾಡಿಸಿದ. ಇಂಗ್ಲಿಷ್ ಸಿಗಲಿಲ್ಲವೆಂದು ಕಾಣುತ್ತದೆ, ಎದೆಯ ಮೇಲೆ ಅಂಗೈ ಇಟ್ಟುಕೊಂಡು ದೊಡ್ಡದಾಗಿ ಉಸಿರೆಳೆದು ಬಿಟ್ಟ. "ಬದ್ಕಿದಾನೆ ಅಂತ. ನಿಮ್ಮವ್ನು ಬದ್ಕಿದಾನೆ."

ಫಿಲುಮೇನಾ, ನಾವಿಬ್ಬರೂ ಹುಡುಕುತ್ತಿದ್ದ ಕ್ರಿಯಾಪದ ಅಲ್ಲೇ ಇತ್ತು. ನಾವು ಅದನ್ನು ಮನುಷ್ಯನೆಂದುಕೊಂಡು ಊರೆಲ್ಲ ಹುಡುಕಿಸಿದೆವು.

ಆದರೆ ತಂತಿ ಕೊಟ್ಟ ದಿನ ಬದುಕಿದ್ದರು. ಈವತ್ತು? ನೀವು ಮಸಿ ಎಂದುಕೊಂಡದ್ದನ್ನು ಆತ ಬೆಳಕಿಗೆ ಹಿಡಿದು ಓದಿದ: ಉತ್ತರದಲ್ಲಿ ಉಮಿಯೊ ಪಟ್ಟಣದಾಚೆಯ ಒಂದು ರೈಲು ನಿಲ್ದಾಣ. ಗಾಯಗೊಂಡವರನ್ನು ಉಮಿಯೊಗೇ ತಂದಿರುತ್ತಾರೆ ಎಂದ. ಅಲ್ಲಿಗೆ ತಂತಿ ಕೊಟ್ಟಿದ್ದಾನೆ, ಉತ್ತರ ಬಂದಿಲ್ಲ. ಹಡಗು ಗುರುವಾರ ಸ್ವೀಡನ್ನಿನ ಬಂದರು ಗೋಟೆಬೊರಿಗೆ ಹೊರಡುತ್ತದೆ. ನಾಯಕ ನನ್ನನ್ನು ಕರೆದೊಯ್ಯಲು ಒಪ್ಪಿದ್ದಾನೆ. ಅಲ್ಲಿಂದ ರೈಲು. ಉತ್ತರಕ್ಕೆ ಕಾಯುವುದಿಲ್ಲ.

ಇನ್ನೊಂದು ಮಾತು. ತಂತಿಯ ಮೂಲೆಯಲ್ಲಿ ನಿಮ್ಮ ಅಂಚೆ ಕಚೇರಿಯ ಮುದ್ರೆಯಿದೆ. ಫೆಬ್ರವರಿ ನಾಲ್ಕು. ನಿಮ್ಮ ಮೊದಲ ಕಾಗದ ಇಪ್ಪತ್ತಮೂರರದು, ಅದರಲ್ಲಿ 'ನಿನ್ನೆ' ಎಂದಿದೆ.

ನಾನು ಏನನ್ನೂ ಕೇಳುತ್ತಿಲ್ಲ.

ಎಲುನೆಡ್

*

ಲ-ಇಸ್ಲಾ
4 ಏಪ್ರಿಲ್ 1955

ಅತ್ತಿಗೆ,

ಇದು ನೀವು ಹೊರಟ ಮೇಲೆ ಕಾರ್ಡಿಫ್ ತಲುಪಬಹುದು. ಅದಕ್ಕೇ ಇದರ ಇನ್ನೊಂದು ಪ್ರತಿಯನ್ನು ಉಮಿಯೊದ ಆಸ್ಪತ್ರೆಗೆ ನಿಮ್ಮ ಹೆಸರಿಗೆ ಹಾಕುತ್ತಿದ್ದೇನೆ. ಎರಡರಲ್ಲಿ ಯಾವುದನ್ನೂ ನೀವು ಓದದಿದ್ದರೂ ನಾನು ಬರೆದಿರಬೇಕು.

ತಂತಿ ಬಂದದ್ದು ಫೆಬ್ರವರಿ ನಾಲ್ಕಕ್ಕೆ. ಹತ್ತೊಂಬತ್ತು ದಿನ ಇಟ್ಟುಕೊಂಡೆ. ಅಮ್ಮ "ಆ ಹೆಂಗ್ಸಿಗೆ ಬರೀಬೇಡ" ಅಂದದ್ದು ನಿಜ. ಆದರೆ ಅಮ್ಮನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ. ಅಮ್ಮ ಬೇಡವೆಂದ ಎಷ್ಟೋ ಕೆಲಸ ಮಾಡಿದವಳು ನಾನು. ಅವನು ಸತ್ತನೆಂದೇ ನಂಬಿದ್ದೆ. ಸುದ್ದಿ ನಮ್ಮಲ್ಲಿ ಮಾತ್ರ ಇರುವಷ್ಟು ದಿನ ಅವನು ನಮ್ಮವನಾಗಿರುತ್ತಾನೆ, ನಿಮಗೆ ತಿಳಿಸಿದ ಕ್ಷಣ ನಿಮ್ಮವನಾಗಿ ಸತ್ತುಹೋಗುತ್ತಾನೆ ಎನ್ನಿಸುತ್ತಿತ್ತು. ಗಂಡನನ್ನು ಕಳೆದುಕೊಂಡವಳು ಅತ್ತರೆ ಊರು ಕೇಳುತ್ತದೆ, ತಂಗಿ ಅತ್ತರೆ ಯಾರು ಕೇಳುತ್ತಾರೆ? ಐದು ವರ್ಷದಿಂದ ಅವನ ಕಾರ್ಡುಗಳು ನನಗೆ ವರ್ಷಕ್ಕೆ ಎರಡು. ನಿಮಗೆ ದಿನಕ್ಕೆ ಎರಡು ಊಟ ಅವನೆದುರು.

ಇಪ್ಪತ್ತಮೂರಕ್ಕೆ ಬರೆದದ್ದು ಒಳ್ಳೆಯತನದಿಂದಲ್ಲ. ಅಮ್ಮ ನೆಲದ ಮೇಲೆ ಕುಸಿದರು. ನನಗೊಬ್ಬಳಿಗೇ ಹೊರಲಾಗಲಿಲ್ಲ.

ಅವನು ಬದುಕಿರುವುದನ್ನು ಅಮ್ಮನಿಗೆ ಹೇಳಿದೆ. ನಂಬಲಿಲ್ಲ. "ಆವತ್ತು ತಲೆ ಅಂದೆ, ಇವತ್ತು ಗುಡ್ಡ ಅಂತೀಯ, ನಾಳೆ ಇನ್ನೇನಂತೀಯ?" ಎಂದರು. ಅವನ ಕೈಯ ಅಕ್ಷರ ಕಾಣುವವರೆಗೆ ನಂಬುವುದಿಲ್ಲವಂತೆ.

ಆ ಹತ್ತೊಂಬತ್ತು ದಿನದಲ್ಲಿ ಅವನಿಗೇನಾದರೂ ಆಗಿದ್ದರೆ ದಯವಿಟ್ಟು ನನಗೆ ಬರೆಯಿರಿ. ಮುಚ್ಚಿಡಬೇಡಿ. ಅವನಿಗೂ ಹೇಳಿ, ನಾನು ಮಾಡಿದ್ದನ್ನು.

ಫಿಲುಮೇನಾ

*

ಉಮಿಯೊ, ಸ್ವೀಡನ್
24 ಏಪ್ರಿಲ್ 1955

ಫಿಲುಮೇನಾ,

ಬದುಕಿದ್ದಾರೆ. ಇದನ್ನು ಮೊದಲು ಅತ್ತೆಗೆ ಓದಿ, ಉಳಿದದ್ದನ್ನು ಆಮೇಲೆ ಓದಿ.

ಬಲಗೈ ಇಲ್ಲ. ಮೊಣಕೈಯ ಮೇಲಕ್ಕೆ ತೆಗೆದಿದ್ದಾರೆ. ಪಕ್ಕೆಲುಬು ಕೂಡಿಕೊಂಡಿವೆ. ಗಾಯ ಕೀವಾಗಿ ಮಾರ್ಚ್ ತಿಂಗಳೆಲ್ಲ ಜ್ವರದಲ್ಲಿ ಕಳೆದಿದ್ದಾರೆ. ತಲೆಗೆ ಏನೂ ಆಗಿಲ್ಲ. ಮಚ್ಚೆ ಎಡಗಿವಿಯ ಹಿಂದೆಯೇ ಇದೆ.

ಹೊಸ ಸುರಂಗಕ್ಕೆ ಅವರು ಸೇರಿ ನಾಲ್ಕೇ ದಿನವಾಗಿತ್ತಂತೆ. ಕಾಗದಪತ್ರವೆಲ್ಲ ಹಳೆಯ ಶಿಬಿರದಲ್ಲೇ ಉಳಿದಿತ್ತು. ಮೂವತ್ತೊಂದು ಗಂಟೆ ಬಂಡೆಯ ಕೆಳಗಿದ್ದರು. ಜೊತೆಯ ಕೆಲಸಗಾರ ಯಾಲ್ಮರ್ ಎಂಬವನು ಆಚೆ ಬದಿಯಿಂದ ಬಗೆದು ಹೊರಗೆಳೆದ. ಯಾರಿಗೆ ತಿಳಿಸಲಿ ಎಂದು ಅವನು ಕೇಳಿದ್ದಕ್ಕೆ ಇವರು ನಿಮ್ಮ ವಿಳಾಸ ಕೊಟ್ಟರು. ಆಮೇಲೆ ಜ್ಞಾನ ತಪ್ಪಿತು. ಯಾಲ್ಮರ್ ಸ್ಕೀ ಕಟ್ಟಿಕೊಂಡು ನಿಲ್ದಾಣಕ್ಕೆ ಹೋಗಿ ತನಗೆ ಬರುವ ಒಂದೇ ಭಾಷೆಯಲ್ಲಿ ತಂತಿ ಕೊಟ್ಟ. ಮೊನ್ನೆ ಅವನನ್ನು ನೋಡಿದೆ. ಆ ಮೂರು ಪದದಿಂದ ಎರಡು ಊರಿನಲ್ಲಿ ಏನೇನಾಯಿತೆಂದು ದುಭಾಷಿಯಿಂದ ಹೇಳಿಸಿದಾಗ ದೊಡ್ಡ ಆಳು ತಲೆ ತಗ್ಗಿಸಿ ಕೂತುಬಿಟ್ಟ. ಕುಸಿದದ್ದು, ಯಾರು, ಬದುಕಿದ್ದಾನೆ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಬರೆಯಲಿ ಎಂದು ಕೇಳಿದ. 

ನಾನು ವಾರ್ಡಿಗೆ ಹೋದ ದಿನ ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ಹಾಗೆಯೇ. ಮೂರನೆಯ ದಿನ ಹೊದಿಕೆ ಸರಿಮಾಡಲು ಹೋದರೆ, "ನಿಂಗ್ಯಾರು ಹೇಳಿದ್ರು?" ಅಂದರು. ಜುಲೈನಿಂದ ನಮ್ಮ ನಡುವೆ ಉಪ್ಪು ಬಾಗಿಲು ಬಿಟ್ಟು ಬೇರೆ ಮಾತು ಅದೇ ಮೊದಲು. ಆಮೇಲೆ ಸಂಜೆಯವರೆಗೂ ಮಾತಾಡಿದೆವು, ನೆಸ್ಟ್ ಬಗ್ಗೆ.

ನಿಮ್ಮ ಕಾಗದ ಇಲ್ಲಿ ನನಗಾಗಿ ಕಾದಿತ್ತು. ಓದಿದೆ. ಅದಕ್ಕೆ ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲವೂ ಹರಿದೆ. ಒಮ್ಮೆ ಬರೆದದ್ದು ತುಂಬಾ ಕಠಿಣವಾಗಿತ್ತು, ಇನ್ನೊಮ್ಮೆ ಸುಳ್ಳಾಗಿತ್ತು. ಅದರ ಬಗ್ಗೆ ಬರೆಯಲು ನನಗಿನ್ನೂ ಆಗುವುದಿಲ್ಲ.

ಎಲುನೆಡ್

*

ಲ-ಇಸ್ಲಾ
3 ಮೇ 1955

ಅತ್ತಿಗೆ,

ಓದಿ ಹೇಳಿದೆ. ಅಮ್ಮ ಮೊದಲ ಸಲ ಜೋರಾಗಿ ಅತ್ತರು, ನೆರೆಯವರೆಲ್ಲ ಮೆಟ್ಟಿಲೇರಿ ಬರುವ ಹಾಗೆ. ಆಮೇಲೆ ಮುಖ ತೊಳೆದು, ಶಾಲು ಹೊದ್ದು, ಪಾದ್ರಿಗಳ ಬಳಿ ಹೋಗಿ ಬೆಳ್ಳಿಯ ತಲೆ ಬದಲಿಸಿ ಕೈ ಹಾಕಿಸಬಹುದೇ ಎಂದು ಕೇಳಿದರು. ಹರಕೆ ಕೊಟ್ಟದ್ದನ್ನು ವಾಪಸು ಕೇಳಬಾರದು ಎಂದರಂತೆ ಅವರು. "ವಾಪಸ್ ಯಾರು ಕೇಳಿದ್ರು? ತಲೆ ಆ ಮಾತೆ ಹತ್ರಾನೇ ಇರ್ಲಿ. ಎಲ್ಲಿಗೋ ಹೋಗಿ ಬಂಡೆ ಕೆಳಗೆ ನಿಂತ್ಕೊಳ್ಳೋನ್ಗೆ ಅದ್ರಿಂದ ಏನುಪಯೋಗ ಆಗಿದೆ?" ಎಂದು ಬಂದಿದ್ದಾರೆ. ಇಂದು ಹುರುಳಿಕಾಯಿ ಸಾರು ಮಾಡಿ ಎರಡು ಬಟ್ಟಲು ಕುಡಿದರು.

ನೆಸ್ಟ್ ಹೆಸರಿನಲ್ಲಿ ಒಂದು ದೀಪ ಹಚ್ಚಿಸಿದ್ದಾರೆ. ನಿಮ್ಮದು ಬೇರೆ ಮಂದಿರ, ಬೇಸರವಾದರೆ ಹೇಳಿ, ಆರಿಸಲು ಹೇಳುತ್ತೇನೆ. ಅವರು ಆರಿಸುವುದಿಲ್ಲ, ಆದರೂ ಹೇಳುತ್ತೇನೆ.

ನೀವು ಉತ್ತರ ಬರೆಯದಿದ್ದರೂ ಸರಿ. ಅವನಿಗೆ ಹೇಳಿದಿರಾ? ಅದೊಂದನ್ನು ತಿಳಿಸಿ. ಅಂಚೆಯವನ ಹೆಜ್ಜೆ ಸಪ್ಪಳ ಕೇಳಿದರೆ ಈಗ ನಾನು ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಮರೆಯುತ್ತೇನೆ. ಎರಡು ಹೊದಿಕೆ ಸುಟ್ಟಿದ್ದೇನೆ.

ಫಿಲುಮೇನಾ

*

ಉಮಿಯೊ
25 ಮೇ 1955

ಫಿಲು,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಾಲ್ಕು ದಿನದಿಂದ. ಕೋಳಿ ಕೆದರಿದ ಹಾಗಿದೆ. ಅಮ್ಮನಿಗೆ ತೋರಿಸು, ಇದು ನನ್ನದೇ ಅಕ್ಷರ. ನಂಬದಿದ್ದರೆ ಹೇಳು, ಚಿಕ್ಕವನಿದ್ದಾಗ ಅವಳ ಹಿಟ್ಟಿನ ಡಬ್ಬದಲ್ಲಿ ಏಡಿ ಬಿಟ್ಟವನು ನಾನೇ, ನೀನಲ್ಲ.

ಜೂನ್ ಹತ್ತಕ್ಕೆ ಬಿಡುತ್ತಾರೆ. ಕಾರ್ಡಿಫ್‌ಗೆ ಹೋಗುತ್ತೇವೆ. ಒಂದು ಕೈಯವನಿಗೆ ಕಟ್ಟೆಯಲ್ಲಿ ಏನು ಕೆಲಸವೋ ತಿಳಿಯದು. ರಾತ್ರಿಯೆಲ್ಲ ಅದೇ ಯೋಚನೆ. ಎಲುನೆಡ್ ಯೋಚನೆ ಮಾಡಬೇಡ ಅನ್ನುವುದಿಲ್ಲ, ಪಕ್ಕದಲ್ಲಿ ಕೂತು ತಾನೂ ಯೋಚಿಸುತ್ತಾಳೆ.

ತನಗೆ ತಿಳಿಸಲು ಯಾಲ್ಮರ್‌ಗೆ ಯಾಕೆ ಹೇಳಲಿಲ್ಲ ಎಂದು ದಿನವೂ ಕೇಳುತ್ತಿದ್ದಳು. ಕೊನೆಗೆ ಹೇಳಿದೆ. ಕಾರ್ಡಿಫ್‌ನ ನಮ್ಮ ಮನೆಯ ಬಾಗಿಲಿಗೆ ಒಂದು ಬೆಳಿಗ್ಗೆ ದಾದಿಯೊಬ್ಬಳು ಬಂದು ತಟ್ಟಿದ್ದಳು. ತೆಗೆಯಲು ಹೋದದ್ದು ಎಲುನೆಡ್. ನಾನು ಒಳಗಿದ್ದೆ. ಅವಳ ಬೆನ್ನು ಮಾತ್ರ ನನಗೆ ಕಂಡದ್ದು. ಬಂಡೆಯ ಕೆಳಗೆ ಮೂವತ್ತೊಂದು ಗಂಟೆಯೂ ಆ ಬೆನ್ನೇ ಕಾಣುತ್ತಿತ್ತು. ಇನ್ನೊಂದು ಸಲ ಯಾರೋ ಗುರುತಿಲ್ಲದವರು ಹೋಗಿ ಆ ಬಾಗಿಲು ತಟ್ಟುವುದು ಬೇಡ ಎನ್ನಿಸಿತು. ಅದಕ್ಕೆ ನಿನ್ನ ವಿಳಾಸ ಕೊಟ್ಟೆ. ಸುದ್ದಿ ನಿನ್ನ ಕೈಯಿಂದ ಹೋಗಲಿ, ನೀನು ನೋಯದ ಹಾಗೆ ಬರೆಯುತ್ತೀ ಅಂತ.

ನನ್ನ ಲೆಕ್ಕ ತಪ್ಪಲಿಲ್ಲ. ತಂತಿ ಬಂದ ದಿನವೇ ನೀನು ಅವಳಿಗೆ ಬರೆದೆಯಂತೆ. ಅಂಚೆಯವರು ಎಲ್ಲೋ ತಡಮಾಡಿದರಂತೆ. ಎಲುನೆಡ್ ಹೇಳಿದಳು.

ವಿಸ್ಟಿನ್